ಸ್ನೂಕರ್ ಅರ್ಹತಾ ಸುತ್ತಿನಲ್ಲಿ ಮಹಿಳೆಯರು: ಟೂರ್ ಕಾರ್ಡ್ ಒಂದೇ ಸಾಕೇ?

ಹಸಿರುಮೇಜು:

ವೃತ್ತಿಪರ ಸ್ನೂಕರ್‌ನಲ್ಲಿ ಮಹಿಳೆಯರು ಅರ್ಹತಾ ಸುತ್ತು ಆಡಿದಾಗಲೆಲ್ಲ ನಮ್ಮಲ್ಲಿ ಎರಡೇ ಬಗೆಯ ಪ್ರತಿಕ್ರಿಯೆ ಬರುತ್ತದೆ. ಗೆದ್ದರೆ ಇತಿಹಾಸ ಎನ್ನುತ್ತೇವೆ, ಸೋತರೆ ಇವರಿಗೆ ಜಾಗ ಕೊಟ್ಟಿದ್ದೇ ತಪ್ಪು ಎನ್ನುತ್ತೇವೆ. ಈ ಎರಡೂ ಅವಸರದ ಮಾತುಗಳೆಂದು ನನಗೆ ಅನ್ನಿಸಿರುವುದರಿಂದ, ನಡೆದಿರುವ ಸಂಗತಿಗಳನ್ನು ಮುಂದಿಟ್ಟು ನಿಮ್ಮೆಲ್ಲರ ಅಭಿಪ್ರಾಯ ಕೇಳುತ್ತಿದ್ದೇನೆ.

ಇಂಗ್ಲೆಂಡಿನ ರಿಯಾನ್ ಇವಾನ್ಸ್ ಅವರಿಂದಲೇ ಆರಂಭಿಸೋಣ. 2005ರಿಂದ 2014ರವರೆಗೆ ಸತತವಾಗಿ ಹತ್ತು ಬಾರಿ, ಆಮೇಲೆ 2016 ಮತ್ತು 2019ರಲ್ಲಿ, ಒಟ್ಟು 12 ಬಾರಿ ಅವರು ಮಹಿಳಾ ವಿಶ್ವ ಚಾಂಪಿಯನ್ ಆಗಿದ್ದಾರೆ. ಅವರಿಗೆ 2010-11ರ ಋತುವಿಗೆ ವಿಶೇಷ ಆಹ್ವಾನದ ಮೇಲೆ ಮುಖ್ಯ ಟೂರ್‌ನಲ್ಲಿ, ಅಂದರೆ ವೃತ್ತಿಪರರ ಟೂರ್ನಿಗಳ ಸರಣಿಯಲ್ಲಿ, ಸ್ಥಾನ ಸಿಕ್ಕಿತು. ಆ ಋತುವಿನಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಾಗಲಿಲ್ಲ. ಅಲ್ಲಿಗೆ ಎಲ್ಲ ಮುಗಿಯಿತೆಂದು ಬರೆದವರಿದ್ದರು. ಆದರೆ 2013ರಲ್ಲಿ ವೂಶಿ ಕ್ಲಾಸಿಕ್ ಅರ್ಹತಾ ಪಂದ್ಯದಲ್ಲಿ ಅವರು ಥಾಯ್ಲೆಂಡಿನ ತೆಪ್ಚಾಯ ಉನ್-ನೂಹ್ ಅವರನ್ನು 5-4 ಫ್ರೇಮ್‌ಗಳಿಂದ (ಒಂದು ಪಂದ್ಯದೊಳಗಿನ ಬಿಡಿ ಆಟವೇ ಫ್ರೇಮ್) ಸೋಲಿಸಿದರು. 2015ರ ಏಪ್ರಿಲ್‌ನಲ್ಲಿ ಶೆಫೀಲ್ಡ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಅರ್ಹತಾ ಸುತ್ತಿನಲ್ಲಿ 1997ರ ವಿಶ್ವ ಚಾಂಪಿಯನ್ ಕೆನ್ ಡೊಹರ್ಟಿ ಅವರೆದುರು 8-10ರವರೆಗೆ ಹೋರಾಡಿ ಸೋತರು. ಮತ್ತೆರಡು ವರ್ಷದ ನಂತರ, ಅದೇ ಸುತ್ತಿನಲ್ಲಿ, ಫಿನ್ಲೆಂಡಿನ ರಾಬಿನ್ ಹಲ್ ಅವರನ್ನು 10-8ರಿಂದ ಮಣಿಸಿ, ಮುಂದಿನ ಪಂದ್ಯದಲ್ಲಿ ಲೀ ವಾಕರ್ ಅವರಿಗೆ 6-10ರಿಂದ ಸೋತರು.

ಈ ಸಾಲನ್ನು ಗಮನವಿಟ್ಟು ನೋಡಿ. ಒಂದೂ ಗೆಲುವಿಲ್ಲದ ಋತುವಿನ ನಂತರವೇ ಉಳಿದದ್ದೆಲ್ಲ ಬಂದಿದೆ. ಹಾಗಾಗಿ 2021ರಿಂದ ಮಹಿಳಾ ಟೂರ್‌ನ ಇಬ್ಬರಿಗೆ ಪ್ರತಿವರ್ಷ ಎರಡು ವರ್ಷಗಳ ಟೂರ್ ಕಾರ್ಡ್, ಅಂದರೆ ಮುಖ್ಯ ಟೂರ್‌ನಲ್ಲಿ ಆಡುವ ಹಕ್ಕು, ಕೊಡುವ ಕ್ರಮ ಬಂದಾಗ ನಾನು ಅದನ್ನು ಸ್ವಾಗತಿಸಿದೆ. ಮೊದಲ ಸಲ ಕಾರ್ಡ್ ಪಡೆದವರು ರಿಯಾನ್ ಇವಾನ್ಸ್ ಮತ್ತು ಹಾಂಗ್‌ಕಾಂಗ್‌ನ ಎನ್‌ಜಿ ಆನ್ ಯೀ. ಮುಂದಿನ ವರ್ಷ ಥಾಯ್ಲೆಂಡಿನ ನುಚ್ಚರತ್ ವೊಂಗ್‌ಹರುತಾಯ್ ಮತ್ತು ಇಂಗ್ಲೆಂಡಿನ ರೆಬೆಕಾ ಕೆನ್ನಾ. ಕಾರ್ಡ್ ಪಡೆದವರು ಎಷ್ಟು ಪಂದ್ಯ ಗೆದ್ದರು ಎಂಬುದಕ್ಕಿಂತ, ಎಷ್ಟು ಕಠಿಣ ಪಂದ್ಯಗಳನ್ನು ಆಡಿದರು ಎಂಬುದೇ ಈ ಯೋಜನೆಯ ಅಳತೆಗೋಲಾಗಬೇಕು ಎಂಬುದು ನನ್ನ ವಾದ. ಒಪ್ಪದವರು ದಯವಿಟ್ಟು ಕಾರಣ ಸಹಿತ ಬರೆಯಿರಿ.

ಕೆಂಪುಚೆಂಡು_ಮೈಸೂರು:

ಹಸಿರುಮೇಜು ಅವರೇ, ನಾನು ಒಪ್ಪುವುದಿಲ್ಲ. ಮಹಿಳೆಯರು ಆಡಬಾರದೆಂದು ನಾನು ಹೇಳುತ್ತಿಲ್ಲ. ಆಟವು ಎಲ್ಲರಿಗೂ ಮುಕ್ತವಾಗಿದೆ, ಮುಕ್ತವಾಗಿಯೇ ಇರಬೇಕು. ಕ್ಯೂ ಸ್ಕೂಲ್ ಎಂಬ ಅರ್ಹತಾ ಟೂರ್ನಿ ಇದೆ, ಶುಲ್ಕ ಕಟ್ಟಿ ಯಾರು ಬೇಕಾದರೂ ಆಡಬಹುದು, ಅಲ್ಲಿ ಗೆದ್ದವರಿಗೆ ಕಾರ್ಡ್ ಸಿಗುತ್ತದೆ. ಅಲ್ಲಿ ಕೊನೆಯ ಸುತ್ತಿನ ನಿರ್ಣಾಯಕ ಫ್ರೇಮ್‌ನಲ್ಲಿ ಕಪ್ಪು ಚೆಂಡು ತಪ್ಪಿಸಿಕೊಂಡು ಮನೆಗೆ ಹೋಗುವ ಇಪ್ಪತ್ತು ವರ್ಷದ ಹುಡುಗನಿಗೆ, ತನಗಿಂತ ಕಡಿಮೆ ಮಟ್ಟದ ಆಟಗಾರರಿಗೆ ಬೇರೊಂದು ಬಾಗಿಲಿನಿಂದ ಜಾಗ ಸಿಕ್ಕಿದೆ ಎಂದು ಅನ್ನಿಸಿದರೆ ಅದು ಅಸೂಯೆಯಲ್ಲ, ನ್ಯಾಯದ ಪ್ರಶ್ನೆ.

ಎರಡನೆಯ ಸಂಗತಿ. ಎರಡು ವರ್ಷದ ಕೊನೆಗೆ ಕಾರ್ಡ್ ಉಳಿಯಬೇಕಾದರೆ ರ‍್ಯಾಂಕಿಂಗ್‌ನಲ್ಲಿ ಮೊದಲ 64ರೊಳಗೆ ಬರಬೇಕು. ಮಹಿಳಾ ಟೂರ್‌ನಿಂದ ಬಂದವರಲ್ಲಿ ಹಾಗೆ ಕಾರ್ಡ್ ಉಳಿಸಿಕೊಂಡವರು ಯಾರೂ ಇಲ್ಲ. ವಿಶ್ವ ಚಾಂಪಿಯನ್‌ಷಿಪ್ ನಡೆಯುವ ಶೆಫೀಲ್ಡ್‌ನ ಕ್ರುಸಿಬಲ್ ಥಿಯೇಟರ್‌ನ ಮುಖ್ಯ ಸುತ್ತಿನಲ್ಲಿ ಇಂದಿಗೂ ಒಬ್ಬ ಮಹಿಳೆಯೂ ಆಡಿಲ್ಲ. ನೀವು ಕೊಟ್ಟ ಇವಾನ್ಸ್ ಉದಾಹರಣೆಯ ಪಕ್ಕದಲ್ಲೇ 2016ರಲ್ಲಿ ಎನ್‌ಜಿ ಆನ್ ಯೀ ಅವರು ಪೀಟರ್ ಲೈನ್ಸ್ ಎದುರು 1-10ರಿಂದ ಸೋತದ್ದನ್ನೂ ಇಡಬೇಕಾಗುತ್ತದೆ. ಅಂತಹ ಸೋಲಿನಿಂದ ಆಟಗಾರ್ತಿ ಏನು ಕಲಿಯುತ್ತಾರೆ?

ಶೆಫೀಲ್ಡ್_ಕನ್ನಡಿಗ:

ಇಬ್ಬರ ಮಾತನ್ನೂ ಓದಿದೆ. ಕೆಲಸದ ನಿಮಿತ್ತ ಶೆಫೀಲ್ಡ್‌ನಲ್ಲೇ ಇರುವುದರಿಂದ ಅರ್ಹತಾ ಸುತ್ತನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿದೆ. ಅದನ್ನು ಕಾಣದವರಿಗೆ ಅದರ ಬಿಗಿ ಪೂರ್ತಿ ಅರ್ಥವಾಗುವುದು ಕಷ್ಟ.

ಕ್ರುಸಿಬಲ್‌ನಲ್ಲಿ ಆಡುವ 32 ಮಂದಿಯಲ್ಲಿ 16 ಜನ ಶ್ರೇಯಾಂಕದ ಮೇಲೆ ನೇರವಾಗಿ ಬರುತ್ತಾರೆ, ಉಳಿದ 16 ಜಾಗಕ್ಕಾಗಿ ನೂರಕ್ಕೂ ಹೆಚ್ಚು ಮಂದಿ ಊರಿನ ಇನ್ನೊಂದು ಕಡೆ ಇರುವ ಕ್ರೀಡಾ ಸಂಕೀರ್ಣದಲ್ಲಿ ಸೆಣಸುತ್ತಾರೆ. ಅಲ್ಲಿ ಮೇಜುಗಳ ನಡುವೆ ತಡಿಕೆಗಳನ್ನು ನಿಲ್ಲಿಸಿರುತ್ತಾರೆ. ಪಕ್ಕದ ಮೇಜಿನ ಚಪ್ಪಾಳೆ ನಿಮ್ಮ ಹೊಡೆತದ ನಡುವೆಯೇ ಕೇಳಿಸುತ್ತದೆ. ಪಂದ್ಯವು 19 ಫ್ರೇಮ್‌ಗಳದ್ದು, ಹತ್ತು ಗೆದ್ದವರು ಮುಂದಕ್ಕೆ. ಒಂದು ಅವಧಿಯಲ್ಲಿ ಒಂಬತ್ತು ಫ್ರೇಮ್, ಉಳಿದವು ಇನ್ನೊಂದು ಅವಧಿಯಲ್ಲಿ.

ಈ ಉದ್ದವೇ ಮುಖ್ಯ ವಿಷಯ. ಮಹಿಳಾ ಟೂರ್‌ನ ಬಹುಪಾಲು ಪಂದ್ಯಗಳು ಚಿಕ್ಕವು, ಅಲ್ಲಿ ಅಗ್ರ ಶ್ರೇಯಾಂಕದವರಿಗೆ ಮೊದಲ ಕೆಲವು ಸುತ್ತುಗಳಲ್ಲಿ ಹೆಚ್ಚಿನ ಪ್ರತಿರೋಧವೇ ಸಿಗುವುದಿಲ್ಲ. ಒಂದು ಕೆಂಪು ಚೆಂಡು ತಪ್ಪಿದರೂ ಎದುರಾಳಿ 30 ಅಂಕ ಗಳಿಸಿ ಮತ್ತೆ ಮೇಜನ್ನು ಬಿಟ್ಟುಕೊಡುತ್ತಾರೆ. ವೃತ್ತಿಪರ ಅರ್ಹತಾ ಸುತ್ತಿನಲ್ಲಿ ಅದೇ ತಪ್ಪಿಗೆ 80 ಅಂಕದ ದಂಡ ತೆರಬೇಕಾಗುತ್ತದೆ, ಫ್ರೇಮ್ ಅಲ್ಲಿಗೆ ಮುಗಿಯುತ್ತದೆ, ಮುಂದಿನ ಇಪ್ಪತ್ತು ನಿಮಿಷ ಕುರ್ಚಿಯಲ್ಲಿ ಕುಳಿತಿರುವುದಷ್ಟೇ ಉಳಿಯುತ್ತದೆ. ಮೊದಲ ಅವಧಿ 4-5 ಆಗಿದ್ದ ಪಂದ್ಯ ಕೊನೆಗೆ 5-10 ಆಗುವುದನ್ನು ನಾನು ಪುರುಷರ ಪಂದ್ಯಗಳಲ್ಲೂ ಕಂಡಿದ್ದೇನೆ. ಪಾಟ್ ಮಾಡುವ, ಅಂದರೆ ಚೆಂಡನ್ನು ಕುಳಿಗೆ ಕಳಿಸುವ, ಸಾಮರ್ಥ್ಯದಲ್ಲಿ ಅಂತರ ಚಿಕ್ಕದು. ಸೇಫ್ಟಿ ಆಟದಲ್ಲಿ, ಬಿಳಿ ಚೆಂಡನ್ನು ಮೇಜಿನ ಅಂಚಿನ ಕುಷನ್‌ಗೆ ಅಂಟಿಸಿ ಎದುರಾಳಿಗೆ ಏನೂ ಬಿಡದೆ ಕಾಯುವ ಕಲೆಯಲ್ಲಿ, ಅಂತರ ದೊಡ್ಡದು. ಅದನ್ನು ಒಬ್ಬರೇ ಮೇಜಿನ ಮುಂದೆ ನಿಂತು ಅಭ್ಯಾಸ ಮಾಡಿ ಕಲಿಯಲಾಗುವುದಿಲ್ಲ. ತಿರುಗಿ ಹೊಡೆಯುವ ಎದುರಾಳಿ ಬೇಕು.

ಆದ್ದರಿಂದ 1-10ರ ಸೋಲಿನಿಂದ ಏನು ಕಲಿಯುತ್ತಾರೆ ಎಂಬ ಪ್ರಶ್ನೆಗೆ ನನ್ನ ಉತ್ತರ: ವರ್ಷಕ್ಕೆ ಅಂತಹ ಒಂದೇ ಪಂದ್ಯ ಸಿಕ್ಕರೆ ಏನೂ ಕಲಿಯುವುದಿಲ್ಲ, ವರ್ಷವಿಡೀ ಸಿಕ್ಕರೆ ಬಹಳಷ್ಟು ಕಲಿಯುತ್ತಾರೆ.

ಜಯನಗರದ_ಓದುಗಿ:

ಶೆಫೀಲ್ಡ್‌ನ ಅಣ್ಣನವರು ಸೇಫ್ಟಿ ಆಟದ ಬಗ್ಗೆ ಹೇಳಿದ ಮಾತು ನನ್ನನ್ನು ಬರೆಯುವಂತೆ ಮಾಡಿತು. ನಾನು ಬೆಂಗಳೂರಿನ ಒಂದು ಕ್ಲಬ್‌ನಲ್ಲಿ ಆಡುವವಳು, ದೊಡ್ಡ ಆಟಗಾರ್ತಿಯೇನೂ ಅಲ್ಲ. ಸಂಜೆ ಮೇಜುಗಳೆಲ್ಲ ತುಂಬಿರುತ್ತವೆ, ಆಡುವವರು ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಅವರಲ್ಲಿ ಯಾರೂ ಕೆಟ್ಟದಾಗಿ ನಡೆದುಕೊಂಡಿಲ್ಲ. ಆದರೆ ನನ್ನೆದುರು ಆಡುವಾಗ ಅವರು ಪೂರ್ತಿ ಆಟ ಆಡುವುದಿಲ್ಲ. ಸುಲಭದ ಕೆಂಪನ್ನು ಬಿಟ್ಟುಕೊಡುತ್ತಾರೆ, ಸ್ನೂಕರ್ ಹಾಕುವ, ಅಂದರೆ ನಾನು ಹೊಡೆಯಬೇಕಾದ ಚೆಂಡನ್ನು ಬೇರೆ ಚೆಂಡಿನ ಮರೆಗೆ ಸೇರಿಸುವ, ಅವಕಾಶವಿದ್ದರೂ ಹಾಕುವುದಿಲ್ಲ, ಫ್ರೇಮ್ ಸೋತರೆ ನಕ್ಕು ಶಹಬ್ಬಾಸ್ ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಾರೆಂದು ಗೊತ್ತು. ಆ ಸೌಜನ್ಯದಿಂದಾಗಿಯೇ ನಾನು ಸೇಫ್ಟಿ ಆಟವನ್ನು ಬಹಳ ತಡವಾಗಿ ಕಲಿತೆ.

ಇಂಗ್ಲೆಂಡಿನಲ್ಲಿ ಇದು ಇನ್ನೂ ನೇರವಾಗಿತ್ತು. ರೆಬೆಕಾ ಕೆನ್ನಾ ಅವರು 2019ರಲ್ಲಿ ತಮ್ಮ ಊರಿನ ಕೀತ್ಲಿ ಲೀಗ್‌ನಿಂದ ಹೊರಬರಬೇಕಾಯಿತು, ಏಕೆಂದರೆ ಲೀಗ್ ಪಂದ್ಯಗಳು ನಡೆಯುತ್ತಿದ್ದ ಕೆಲವು ಕ್ಲಬ್‌ಗಳ ಸ್ನೂಕರ್ ಕೋಣೆಗೆ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ಅದಾದ ಮೂರು ವರ್ಷಕ್ಕೆ ಅವರು ವೃತ್ತಿಪರ ಟೂರ್‌ನಲ್ಲಿದ್ದರು! ಕೆಂಪುಚೆಂಡು ಸರ್, ಕ್ಯೂ ಸ್ಕೂಲ್‌ನಲ್ಲಿ ಸೋತ ಹುಡುಗನ ಬಗ್ಗೆ ನೀವು ಬರೆದದ್ದು ನನಗೂ ತಟ್ಟಿತು. ಆದರೆ ಆ ಹುಡುಗ ಹನ್ನೆರಡನೇ ವಯಸ್ಸಿನಿಂದ ಊರಿನ ಲೀಗ್‌ನಲ್ಲಿ ದೊಡ್ಡವರ ಕೈಯಲ್ಲಿ ಸೋತು ಸೋತು ಬೆಳೆದಿರುತ್ತಾನೆ. ಅದೇ ವಯಸ್ಸಿನ ಹುಡುಗಿಗೆ ಆ ಸೋಲುಗಳೇ ಸಿಕ್ಕಿರುವುದಿಲ್ಲ. ಅರ್ಹತಾ ಸುತ್ತಿನಲ್ಲಿ ಇಬ್ಬರನ್ನೂ ಒಂದೇ ಮೇಜಿಗೆ ನಿಲ್ಲಿಸಿ ಸಮಾನ ಅವಕಾಶ ಎನ್ನುವಾಗ ಈ ಹಿಂದಿನ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ?

ಹೊಸಬ:

ಕ್ಷಮಿಸಿ, ತಿಳಿದುಕೊಳ್ಳುವ ಉದ್ದೇಶದಿಂದಷ್ಟೇ ಕೇಳುತ್ತಿದ್ದೇನೆ. ಸ್ನೂಕರ್‌ನಲ್ಲಿ ದೈಹಿಕ ಶಕ್ತಿಯ ಪಾತ್ರ ಎಷ್ಟು?

ಶೆಫೀಲ್ಡ್_ಕನ್ನಡಿಗ:

ಬಹಳ ಕಡಿಮೆ. ಮೇಜು 12 ಅಡಿ ಉದ್ದ, 6 ಅಡಿ ಅಗಲ ಇರುವುದರಿಂದ ಎತ್ತರದವರಿಗೆ ಚಾಚಿ ಹೊಡೆಯುವುದು ಸ್ವಲ್ಪ ಸುಲಭ; ಉಳಿದವರಿಗೆ ಕ್ಯೂಗೆ ಆಸರೆಯಾಗುವ ರೆಸ್ಟ್ ಎಂಬ ಕೋಲು ಇದೆ. ದೂರದಿಂದ ಬಿಳಿ ಚೆಂಡನ್ನು ಹಿಂದಕ್ಕೆ ಸೆಳೆಯುವಂತಹ ಹೊಡೆತದಲ್ಲೂ ತೋಳಿನ ಬಲಕ್ಕಿಂತ ಕ್ಯೂ ಚಲಿಸುವ ನೇರ ಮತ್ತು ಲಯವೇ ಕೆಲಸ ಮಾಡುತ್ತದೆ. ನುಚ್ಚರತ್ 2019ರಲ್ಲಿ ಅಭ್ಯಾಸ ಪಂದ್ಯವೊಂದರಲ್ಲಿ 147 ಹೊಡೆದಿದ್ದರು. 2025ರ ಮೇ ತಿಂಗಳಿನಲ್ಲಿ ಚೀನಾದ ಬಾಯ್ ಯುಲು ಅವರು ಡೊಂಗ್‌ಗುವಾನ್‌ನಲ್ಲಿ ನಡೆದ ಮಹಿಳಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲೇ 147 ಪೂರೈಸಿದರು. ಸಾಮಾನ್ಯವಾಗಿ ಒಂದೇ ಸರದಿಯಲ್ಲಿ ಗಳಿಸಬಹುದಾದ ಗರಿಷ್ಠ ಅಂಕ (ಬ್ರೇಕ್) ಅದು. ಶಕ್ತಿಯ ಕೊರತೆಯೇ ಅಡ್ಡಿಯಾಗಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ.

ಹಳೆಯ_ಪುಟಗಳು:

ಚರ್ಚೆಯು 2010ರಿಂದ ಆರಂಭವಾಗಿರುವುದರಿಂದ, ಅದಕ್ಕೂ ಹಿಂದೆ ನಡೆದದ್ದನ್ನು ಹೇಳಬೇಕೆನಿಸಿತು. ಅದಿಲ್ಲದೆ ಈಗಿನ ಪರಿಸ್ಥಿತಿ ಅರ್ಥವಾಗುವುದಿಲ್ಲ.

ಮಹಿಳಾ ವಿಶ್ವ ಚಾಂಪಿಯನ್‌ಷಿಪ್ 1976ರಷ್ಟು ಹಳೆಯದು, ಆ ಮೊದಲ ಸಲ ಅದನ್ನು ಗೆದ್ದವರು ವೆರಾ ಸೆಲ್ಬಿ. ಮಹಿಳೆಯರಿಗಾಗಿ ಪ್ರತ್ಯೇಕ ಸಂಘಟನೆಯನ್ನು 1981ರಲ್ಲಿ ಕಟ್ಟಿದವರು ಮ್ಯಾಂಡಿ ಫಿಶರ್. ತೊಂಬತ್ತರ ದಶಕದ ಆರಂಭದಲ್ಲಿ ವೃತ್ತಿಪರ ಆಟದ ಬಾಗಿಲು ಎಲ್ಲರಿಗೂ ತೆರೆದಾಗ ಆಲಿಸನ್ ಫಿಶರ್ ಮುಂತಾದವರು ಪುರುಷರ ಜೊತೆ ಅರ್ಹತಾ ಸುತ್ತುಗಳಿಗೆ ಇಳಿದರು. ಆಲಿಸನ್ ಏಳು ಬಾರಿ ವಿಶ್ವ ಚಾಂಪಿಯನ್ ಆದವರು. ಅವರ ಆಟ ಇನ್ನೂ ಮಾಗುತ್ತಿದ್ದ ಕಾಲದಲ್ಲೇ, 1995ರಲ್ಲಿ, ಅವರು ಅಮೆರಿಕಕ್ಕೆ ಹೋಗಿ ಪೂಲ್ (ಚಿಕ್ಕ ಮೇಜಿನ ಮೇಲೆ ಕ್ಯೂನಿಂದಲೇ ಆಡುವ ಬೇರೆ ಆಟ) ಆಡಲು ಆರಂಭಿಸಿದರು. ಅಲ್ಲಿ ಮಹಿಳೆಯರ ವೃತ್ತಿಪರ ಟೂರ್‌ನಿಂದ ಜೀವನ ನಡೆಸಬಹುದಿತ್ತು, ಇಂಗ್ಲೆಂಡಿನಲ್ಲಿ ಆಗುತ್ತಿರಲಿಲ್ಲ. ಕ್ಯಾರನ್ ಕಾರ್ ಅದೇ ದಾರಿ ಹಿಡಿದರು. ಐದು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಕೆಲ್ಲಿ ಫಿಶರ್ ಕೂಡ 2003ರ ನಂತರ, ಮಹಿಳಾ ಸ್ನೂಕರ್‌ಗೆ ಸಿಗುತ್ತಿದ್ದ ನೆರವು ನಿಂತಾಗ, ಅಮೆರಿಕದ ಪೂಲ್ ಕಡೆಗೆ ಹೊರಳಿದರು.

ಹೀಗೆ ಮೂವರು ಶ್ರೇಷ್ಠ ಆಟಗಾರ್ತಿಯರು ಹಸಿರು ಮೇಜನ್ನು ಬಿಟ್ಟುಹೋದರು. ಇವಾನ್ಸ್ ಅವರ ಹತ್ತು ಸತತ ಪ್ರಶಸ್ತಿಗಳನ್ನು ನಾವು ದಾಖಲೆಯೆಂದು ಕೊಂಡಾಡುತ್ತೇವೆ, ಕೊಂಡಾಡಬೇಕಾದದ್ದೇ. ಆದರೆ ಅವರನ್ನು ವರ್ಷವರ್ಷವೂ ಅಲುಗಾಡಿಸಬಲ್ಲ ಎದುರಾಳಿಗಳು ಬೇರೆ ಖಂಡದಲ್ಲಿ ಬೇರೆ ಆಟ ಆಡುತ್ತಿದ್ದರೆಂಬುದನ್ನು ಅದರ ಜೊತೆಗೇ ಓದಬೇಕು. ಆ ಮೂವರೂ ಇಲ್ಲೇ ಉಳಿದಿದ್ದರೆ ಇವಾನ್ಸ್ ಅವರ ಪ್ರಶಸ್ತಿಗಳು ಕಡಿಮೆಯಾಗುತ್ತಿದ್ದವೇನೋ, ಆಟ ಮಾತ್ರ ಇನ್ನಷ್ಟು ಹರಿತವಾಗುತ್ತಿತ್ತು. ನನ್ನ ಮಟ್ಟಿಗೆ ಇದು ಪ್ರತಿಭೆಯ ಪ್ರಶ್ನೆಗಿಂತ ಹಣದ ಪ್ರಶ್ನೆ. 2015ರಲ್ಲಿ ಕ್ರುಸಿಬಲ್‌ನ ವಿಜೇತರಿಗೆ 3 ಲಕ್ಷ ಪೌಂಡ್ ಇತ್ತು, 2019ರಿಂದ ಅದು 5 ಲಕ್ಷ ಪೌಂಡ್ ಆಗಿದೆ. ಮಹಿಳಾ ವಿಶ್ವ ಪ್ರಶಸ್ತಿಯ ಮೊತ್ತವು ಅದರ ಹತ್ತಿರಕ್ಕೂ ಬಂದಿಲ್ಲ.

ಕೆಂಪುಚೆಂಡು_ಮೈಸೂರು:

ಹಳೆಯ ಪುಟಗಳು ಅವರು ಕೊಟ್ಟ ವಿವರಗಳು ನನ್ನ ವಾದದ ಒಂದು ಭಾಗವನ್ನು ಸಡಿಲಗೊಳಿಸಿವೆ. ಓದುಗಿಯವರ ಮಾತಿಗೂ ನನ್ನಲ್ಲಿ ಸುಲಭದ ಉತ್ತರವಿಲ್ಲ. ಆದರೂ ಇನ್ನೊಂದು ತೊಡಕನ್ನು ಎತ್ತುತ್ತೇನೆ. ರ‍್ಯಾಂಕಿಂಗ್ ಎಂದರೆ ಎರಡು ವರ್ಷದಲ್ಲಿ ಗಳಿಸಿದ ಬಹುಮಾನದ ಹಣ. ಮೊದಲ ಸುತ್ತಿನಲ್ಲಿ ಸೋತವರಿಗೆ ಬಹುತೇಕ ಟೂರ್ನಿಗಳಲ್ಲಿ ಸಿಗುವುದು ಸೊನ್ನೆ. 128 ಜನರನ್ನೂ ಮೊದಲ ಸುತ್ತಿನಲ್ಲೇ ಸೇರಿಸುವ ಡ್ರಾದಲ್ಲಿ ಕೆಳಗಿನಿಂದ ಆರಂಭಿಸುವ ಆಟಗಾರ್ತಿಗೆ ಮೊದಲ ಪಂದ್ಯವೇ ಮೇಲಿನ ಅರ್ಧದವರ ಜೊತೆ ಬೀಳುತ್ತದೆ. ಸೋತರೆ ಅಂಕವಿಲ್ಲ, ಅಂಕವಿಲ್ಲದಿದ್ದರೆ ಮತ್ತೆ ಅದೇ ಸ್ಥಾನ. ನೀವು ಹೇಳುವ ಕಠಿಣ ಪಂದ್ಯವು ಒಂದು ಟೂರ್ನಿಗೆ ಒಂದೇ ಸಿಗುತ್ತದೆ, ಅದೂ ಕೆಲವೊಮ್ಮೆ ಏಳು ಫ್ರೇಮ್‌ಗಳದ್ದು. ಅದಕ್ಕಿಂತ 2021ರಲ್ಲಿ ಆರಂಭವಾದ ಕ್ಯೂ ಟೂರ್‌ನಂತಹ ಎರಡನೇ ಹಂತದಲ್ಲಿ ಹೆಚ್ಚು ಪಂದ್ಯ ಆಡಿ ಗೆಲ್ಲುತ್ತಾ ಬರುವುದು ಒಳ್ಳೆಯದಲ್ಲವೇ? ಗೆಲ್ಲುವ ಅಭ್ಯಾಸವೂ ಒಂದು ಅಭ್ಯಾಸವೇ.

ಹಸಿರುಮೇಜು:

ಇದು ನ್ಯಾಯವಾದ ಆಕ್ಷೇಪ. ನಾನು ಇದಕ್ಕೆ ಎರಡೂ ಬೇಕು ಎನ್ನುತ್ತೇನೆ, ಒಂದರ ಬದಲಿಗೆ ಇನ್ನೊಂದಲ್ಲ. ಕಾರ್ಡ್ ಇದ್ದವರಿಗೆ ಟೂರ್ನಿಯ ಪಂದ್ಯ ಒಂದೇ ಆದರೂ ಅದರ ಸುತ್ತ ಬೇರೆಯದೇ ಜಗತ್ತು ತೆರೆದುಕೊಳ್ಳುತ್ತದೆ: ಅಭ್ಯಾಸಕ್ಕೆ ವೃತ್ತಿಪರರು ಜೊತೆಯಾಗುತ್ತಾರೆ, ಟೂರ್ನಿಯ ಗುಣಮಟ್ಟದ ಮೇಜು ಮತ್ತು ಬಟ್ಟೆಯ ವೇಗ ಕೈಗೆ ಹತ್ತುತ್ತದೆ. 2022-23ರಿಂದ ಟೂರ್‌ನ ಪ್ರತಿ ಆಟಗಾರರಿಗೂ ಋತುವಿಗೆ 20,000 ಪೌಂಡ್‌ಗಳ ಕನಿಷ್ಠ ಗಳಿಕೆಯ ಭರವಸೆ ಬಂದದ್ದು ಮಹಿಳೆಯರಿಗೆ ವಿಶೇಷವಾಗಿ ಮುಖ್ಯ, ಏಕೆಂದರೆ ಮೊದಲ ಸುತ್ತಿನಲ್ಲಿ ಸೋಲುವ ಭಯದ ಜೊತೆಗೆ ಮನೆ ಬಾಡಿಗೆಯ ಭಯವನ್ನೂ ಹೊತ್ತು ಆಡುವವರಿಂದ ಒಳ್ಳೆಯ ಆಟ ಬರುವುದಿಲ್ಲ.

ಜೊತೆಗೆ ಪ್ರೇಕ್ಷಕರ ಎದುರು ಆಡುವ ಅನುಭವ. 2019ರ ಚಾಂಪಿಯನ್ ಆಫ್ ಚಾಂಪಿಯನ್ಸ್‌ನಲ್ಲಿ ಇವಾನ್ಸ್ ಅವರು ಶಾನ್ ಮರ್ಫಿ ಅವರನ್ನು ಕೊನೆಯ ಫ್ರೇಮ್‌ವರೆಗೆ ಎಳೆದು 3-4ರಿಂದ ಸೋತರು. 2022ರ ಮಿಶ್ರ ಡಬಲ್ಸ್‌ನಲ್ಲಿ ನೀಲ್ ರಾಬರ್ಟ್‌ಸನ್ ಜೊತೆ ಪ್ರಶಸ್ತಿ ಗೆದ್ದ ನುಚ್ಚರತ್, ಅಲ್ಲಿ ಯಾರ ನೆರಳಿನಲ್ಲೂ ಆಡಲಿಲ್ಲ. ಆ ಪಂದ್ಯ ನೋಡಿದ ದಿನ ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ.

ವಸಂತನಗರದ_ಅಭಿಮಾನಿ:

ಇಷ್ಟು ಹೊತ್ತು ಇಂಗ್ಲೆಂಡಿನ ಮಾತಾಯಿತು. ನಮ್ಮ ಊರಿಗೆ ಇದರಲ್ಲಿ ನಿಜವಾದ ಪಾಲಿದೆ.

2017ರ ಮಾರ್ಚ್‌ನಲ್ಲಿ ಸಿಂಗಪುರದಲ್ಲಿ ನಡೆದ ಮಹಿಳಾ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಎನ್‌ಜಿ ಆನ್ ಯೀ ಅವರ ಎದುರು 5-6ರಿಂದ, ಅಂದರೆ ಒಂದೇ ಒಂದು ಫ್ರೇಮ್‌ನಿಂದ ಸೋತವರು ಬೆಂಗಳೂರಿನ ವಿದ್ಯಾ ಪಿಳ್ಳೈ. ಆ ಕಾಲದಲ್ಲಿ ಮಹಿಳಾ ವಿಶ್ವ ಚಾಂಪಿಯನ್ನರನ್ನು ಶೆಫೀಲ್ಡ್ ಅರ್ಹತಾ ಸುತ್ತಿಗೆ ಆಹ್ವಾನಿಸುವ ರೂಢಿ ಬಂದಿತ್ತು. ಹನ್ನೊಂದನೆಯ ಫ್ರೇಮ್ ಇತ್ತ ಬಂದಿದ್ದರೆ, ಕರ್ನಾಟಕದ ಪರ ಆಡುತ್ತಿದ್ದ ಒಬ್ಬರು 19 ಫ್ರೇಮ್‌ಗಳ ಆ ಪಂದ್ಯಕ್ಕೆ ನಿಲ್ಲುವ ಸಾಧ್ಯತೆ ಇತ್ತು. ಆ ಫೈನಲ್ ಬಗ್ಗೆ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಬಿಲಿಯರ್ಡ್ಸ್‌ನಲ್ಲಿ ಬೆಂಗಳೂರಿನ ಚಿತ್ರಾ ಮಗಿಮೈರಾಜ್ ಮತ್ತು 2012ರಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಉಮಾದೇವಿ ನಾಗರಾಜ್ ಅವರ ಹೆಸರುಗಳೂ ಹಾಗೆಯೇ ಮರೆಯಾಗಿವೆ. ಉಮಾದೇವಿಯವರು ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ, ಮೂವತ್ತರ ಹೊತ್ತಿಗೆ ಕ್ಯೂ ಹಿಡಿದವರು.

ಇನ್ನು ಖರ್ಚು. ಅರ್ಹತಾ ಪಂದ್ಯಗಳು ಹೆಚ್ಚಾಗಿ ಇಂಗ್ಲೆಂಡಿನಲ್ಲೇ ನಡೆಯುವುದರಿಂದ ಕಾರ್ಡ್ ಪಡೆದವರು ಅಲ್ಲೇ ನೆಲೆಸಬೇಕಾಗುತ್ತದೆ. ನಮ್ಮ ಪಂಕಜ್ ಅಡ್ವಾಣಿ ಅವರಂತಹ ಆಟಗಾರರೇ 2014ರಲ್ಲಿ ತಮ್ಮ ಟೂರ್ ಸ್ಥಾನವನ್ನು ಬಿಟ್ಟುಕೊಟ್ಟು ಭಾರತಕ್ಕೆ ಮರಳಿದರು. ಹಾಗಿರುವಾಗ ಪ್ರಾಯೋಜಕರಿಲ್ಲದ ಆಟಗಾರ್ತಿಯಿಂದ ಏನನ್ನು ನಿರೀಕ್ಷಿಸುವುದು? 2025ರ ನವೆಂಬರ್‌ನಲ್ಲಿ ದೋಹಾದಲ್ಲಿ ಚೆನ್ನೈನ ಅನುಪಮಾ ರಾಮಚಂದ್ರನ್ ಅವರು ಎನ್‌ಜಿ ಆನ್ ಯೀ ಅವರನ್ನೇ 3-2ರಿಂದ ಸೋಲಿಸಿ ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಕ್ಕೂಟದ (ಐಬಿಎಸ್‌ಎಫ್) ವಿಶ್ವ ಪ್ರಶಸ್ತಿ ಗೆದ್ದರು. ಟೂರ್ ಕಾರ್ಡ್ ಸಿಗುವ ಮಹಿಳಾ ಟೂರ್ ಬೇರೆ, ಇದು ಬೇರೆ ಎಂಬುದು ನಿಜ. ಆದರೆ ಕಾರ್ಡ್ ಪಡೆದವರನ್ನು ಸೋಲಿಸುವ ಸಾಮರ್ಥ್ಯ ನಮ್ಮವರಲ್ಲಿದೆ ಎಂಬುದು ಸಾಬೀತಾಗಿದೆ. ಮಹಿಳಾ ಟೂರ್‌ನ ಟೂರ್ನಿಗಳಿಗೆ ಋತುವಿಡೀ ಹೋಗಿಬರುವ ವಿಮಾನದ ಖರ್ಚನ್ನು ಯಾರಾದರೂ ಹೊತ್ತರೆ ಟೂರ್ ಕಾರ್ಡ್‌ನ ದಾರಿಯೂ ತೆರೆಯುತ್ತದೆ.

ಜಯನಗರದ_ಓದುಗಿ:

ವಿದ್ಯಾ ಅವರ ಫೈನಲ್ ನೆನಪಿಸಿದ್ದಕ್ಕೆ ಧನ್ಯವಾದ. ವಿಮಾನದ ಖರ್ಚಿಗೂ ಮೊದಲು ಇಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ರಾಜ್ಯ ಮಟ್ಟದ ಟೂರ್ನಿಗಳಲ್ಲಿ ಮಹಿಳಾ ವಿಭಾಗದಲ್ಲಿ ಸೆಮಿಫೈನಲ್‌ವರೆಗೆ ಬಂದವರನ್ನು ಅದೇ ಊರಿನ ಪುರುಷರ ಅರ್ಹತಾ ಸುತ್ತಿಗೂ ಶುಲ್ಕವಿಲ್ಲದೆ ಸೇರಿಸಿಕೊಳ್ಳಲಿ. ಅಲ್ಲಿ ಯಾರೂ ಸೌಜನ್ಯಕ್ಕಾಗಿ ಕೆಂಪು ಬಿಟ್ಟುಕೊಡುವುದಿಲ್ಲ, ಎದುರಾಳಿಗೂ ಮುಂದಿನ ಸುತ್ತು ಬೇಕಾಗಿರುತ್ತದೆ.

ಕೆಂಪುಚೆಂಡು_ಮೈಸೂರು:

ಈ ಸಲಹೆಗೆ ನನ್ನ ಪೂರ್ಣ ಬೆಂಬಲವಿದೆ, ಏಕೆಂದರೆ ಇದರಿಂದ ಯಾರ ಜಾಗವೂ ಹೋಗುವುದಿಲ್ಲ, ಡ್ರಾ ಸ್ವಲ್ಪ ದೊಡ್ಡದಾಗುತ್ತದೆ ಅಷ್ಟೇ. ಟೂರ್ ಕಾರ್ಡ್ ಬಗ್ಗೆ ನನ್ನ ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ. ಬಾಯ್ ಯುಲು ಅವರಂತಹ ಆಟಗಾರ್ತಿಯು 64ರೊಳಗೆ ಬರುವ ದಿನ ಅದನ್ನು ಮರುಪರಿಶೀಲಿಸುತ್ತೇನೆ. ಓದುಗಿಯವರೇ, ನಿಮ್ಮ ಸಲಹೆಯನ್ನು ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಗೆ ಮನವಿಯಾಗಿ ಬರೆಯುವುದಾದರೆ ಕರಡನ್ನು ಇಲ್ಲಿ ಹಾಕಿ. ಮೈಸೂರಿನಿಂದ ಸಹಿಗಳನ್ನು ನಾನು ಸಂಗ್ರಹಿಸಿ ಕಳುಹಿಸುತ್ತೇನೆ.

ಜಯನಗರದ_ಓದುಗಿ:

ಖಂಡಿತ ಬರೆಯುತ್ತೇನೆ ಸರ್. ಎಷ್ಟು ಫ್ರೇಮ್‌ಗಳ ಪಂದ್ಯ ಕೇಳುವುದೆಂದು ಮಾತ್ರ ಹೇಳಿ. ಮೂರು ಫ್ರೇಮ್‌ಗಳದ್ದು ಬೇಡ, ಕನಿಷ್ಠ ಏಳಾದರೂ ಇರಲಿ ಎಂಬುದು ನನ್ನ ಆಸೆ.